ಪ್ರಾರ್ಥನೆ ಮಾಡಿ, ಆದ್ರೆ ಸಾಕ್ಷಿ ಹೇಳೋಕೆ ಮಾತ್ರ ಎದ್ದು ನಿಲ್ಲಬೇಡಿ

"ಎಂಟು ತಿಂಗಳಿಂದ ಡಿಪ್ರೆಶನ್ ಮಾತ್ರೆ ತಗೋತಿದೀನಿ, ಈಗ ಅದನ್ನ ಬಿಟ್ಟು ಪೂರ್ತಿ ಯೇಸುವಿನ ಮೇಲೆ ಭಾರ ಹಾಕ್ಬೇಕು ಅಂತಿದೀನಿ, ಎಷ್ಟು ದಿನ ಉಪವಾಸ ಪ್ರಾರ್ಥನೆ ಮಾಡಿದ್ರೆ ವಾಸಿಯಾಗುತ್ತೆ" ಅಂತ ಕೇಳಿದೀರ. ಓದಿ ಎದೆ ಧಸಕ್ ಅಂತು ನೋಡಿ. ಇದೇ ಲೆಕ್ಕ ನಾನೂ ಹಾಕಿದ್ದೆ, 2019ರ ಡಿಸೆಂಬರಲ್ಲಿ.

ನಾನು ಕೊಡಗಿನ ಸಿದ್ದಾಪುರದ ಹತ್ರ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದ್ರೆ ಕತೆ ಬರೆಯೋನಲ್ಲ, ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ವಾರದ ಬಟವಾಡೆ ಬರೆಯೋನು. ಮನೆ ವಿರಾಜಪೇಟೆ ಕಡೆ, ನಾವು ಕೊಂಕಣಿ ಕಥೋಲಿಕರು. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಚರ್ಚಿಂದ ಅಕ್ಕಿ ಕಂಬಳಿ ಹೊತ್ಕೊಂಡು ಹೋದವರಲ್ಲಿ ನಾನೂ ಒಬ್ಬ. ಮರುವರ್ಷ ಅದೇ ತಿಂಗಳು ನಮ್ಮ ತಾಲೂಕಿನ ತೋರ ಗ್ರಾಮದಲ್ಲೇ ಗುಡ್ಡ ಬಿತ್ತು, ಜನ ಹೋದ್ರು. ನನಗೆ ಮಾತ್ರ ಏನೂ ಆಗಿರಲಿಲ್ಲ. ಮನೆ ಇತ್ತು, ಕೆಲಸ ಇತ್ತು, ಹೆಂಡತಿ ಮಕ್ಕಳು ಆರೋಗ್ಯವಾಗಿದ್ರು. ಆದ್ರೂ ಆ ಮಳೆಗಾಲದಲ್ಲಿ ರಾತ್ರಿ ಮೂರು ಗಂಟೆಗೆ ಎಚ್ಚರ ಆಗೋದು, ಆಮೇಲೆ ಬೆಳಗಾಗೋವರೆಗೂ ಶೀಟಿನ ಮೇಲೆ ಮಳೆ ಬೀಳೋದು ಕೇಳ್ತಾ ಬಿದ್ದಿರೋದು. ಊಟ ಮಣ್ಣು ತಿಂದಂಗೆ. ಅಮ್ಮ ಮಾಡೋ ಹಂದಿಮಾಂಸದ ಸಾರಿನ ವಾಸನೆಗೂ ಬಾಯಲ್ಲಿ ನೀರು ಬರ್ಲಿಲ್ಲ ಅಂದ್ರೆ ನಮ್ಮ ಮನೇಲಿ ಅದು ದೊಡ್ಡ ಸುದ್ದಿ. ಮಸ್ಟರಲ್ಲಿ, ಅಂದ್ರೆ ಹಾಜರಿ ಪುಸ್ತಕದಲ್ಲಿ, ಒಬ್ಬಳ ಕೂಲಿ ಇನ್ನೊಬ್ಬಳ ಹೆಸರಿಗೆ ಬರೆದು ಬಟವಾಡೆ ದಿನ ಆಳುಗಳ ಲೈನ್ ಮನೆ ಮುಂದೆ ಜಗಳ ಆಯ್ತು. ಗುಡ್ಡ ಬಿದ್ದು ಮನೆ ಕಳ್ಕೊಂಡವರೇ ಎದ್ದು ಓಡಾಡ್ತಿದಾರೆ, ನಿನಗೇನು ಬಂದಿದೆ ದೊಡ್ಡ ರೋಗ ಅಂತ ನನ್ನನ್ನ ನಾನೇ ಬೈಕೊಳ್ತಿದ್ದೆ. ಚಿಕ್ಕಪ್ಪ ಒಬ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ಬಂದ ನಮ್ಮ ಹಿರಿಯರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು, 1792ರಲ್ಲಿ ಸಂತ ಅನ್ನಮ್ಮ ಚರ್ಚ್ ಆಯ್ತಲ್ಲ, ಅಂಥವರ ವಂಶದವನಿಗೆ ಮನಸ್ಸಿನ ಕಾಯಿಲೆಯಾ ಅಂತ. ಆ ಹಿರಿಯರಿಗೂ ರಾತ್ರಿ ನಿದ್ದೆ ಬರ್ತಿತ್ತೋ ಇಲ್ವೋ, ಚಿಕ್ಕಪ್ಪ ಹೋಗಿ ನೋಡಿದ್ರಾ.

ಹೆಂಡತಿ ಸೆಪ್ಟೆಂಬರಲ್ಲಿ ಮೈಸೂರಿಗೆ ಕರ್ಕೊಂಡು ಹೋದ್ಳು. ಡಾಕ್ಟರು ಮೊದಲು ಥೈರಾಯ್ಡ್ ಟೆಸ್ಟ್ ಮಾಡಿಸಿದ್ರು, ಆಮೇಲೆ ರಾತ್ರಿಗೆ ಒಂದು ಮಾತ್ರೆ. ಮಾತ್ರೆ ಹೆಸರು ಹೇಳಲ್ಲ, ನನ್ನದು ನಿಮಗೆ ಆಗ್ಬೇಕು ಅಂತಿಲ್ಲ. ಎರಡು ವಾರದಲ್ಲಿ ಏನೂ ಗೊತ್ತಾಗಲ್ಲ, ನಾಲ್ಕರಿಂದ ಆರು ವಾರ ಬೇಕು, ಚೆನ್ನಾಗಾದ ಮೇಲೂ ಕನಿಷ್ಠ ಆರು ತಿಂಗಳು ಬಿಡೋ ಹಾಗಿಲ್ಲ ಅಂತ ಬಿಡಿಸಿ ಹೇಳಿದ್ರು. ನಾನು ಹ್ಞೂಂ ಹ್ಞೂಂ ಅಂದೆ. ನವೆಂಬರ್ ಕೊನೆಲಿ ಒಂದಿನ ಅರೇಬಿಕಾ ಕೊಯ್ಲಿನ ಹತ್ರ ನಿಂತಿದ್ದಾಗ ಇದ್ದಕ್ಕಿದ್ದಂಗೆ ಹೊಟ್ಟೆ ಹಸೀತು. ಬರೀ ಹಸಿವು, ಅಷ್ಟೇ. ಆದ್ರೆ ಅದು ಮೂರ್ನಾಲ್ಕು ತಿಂಗಳಿಂದ ಬಂದೇ ಇರಲಿಲ್ಲ.

ಡಿಸೆಂಬರಲ್ಲಿ ಸಂಬಂಧಿಕರೊಬ್ರು ಬೇರೆ ಊರಲ್ಲಿ ಒಂದು ಪ್ರಾರ್ಥನಾಕೂಟಕ್ಕೆ ಕರ್ಕೊಂಡು ಹೋದ್ರು. ಇಲ್ಲಿ ನಾನು ಯಾರನ್ನೂ ಬೈಯಲ್ಲ, ಆ ದಿನ ಸಿಕ್ಕ ಸಮಾಧಾನ ಸುಳ್ಳಲ್ಲ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ರು, ನಾನು ಸಣ್ಣ ಮಗು ತರ ಅತ್ತೆ, ಮನಸ್ಸು ಹಗುರ ಆಯ್ತು. ಅಲ್ಲಿಗೇ ಮನೆಗೆ ಬಂದಿದ್ರೆ ಈ ಉತ್ತರ ಬರೆಯೋ ಅವಶ್ಯಕತೆನೇ ಇರ್ತಿರಲಿಲ್ಲ. ಕೊನೆಗೆ ಗುಣ ಆದವರು ಬಂದು ಸಾಕ್ಷಿ ಹೇಳಿ ಅಂದ್ರು. ನಾನು ಎದ್ದೆ. ಮೈಕ್ ಹಿಡಿದೆ. "ನಾನು ಖಿನ್ನತೆಯಿಂದ ಪೂರ್ತಿ ಬಿಡುಗಡೆ ಆಗಿದೀನಿ, ಇವತ್ತಿಂದ ಮಾತ್ರೆ ಮುಟ್ಟಲ್ಲ" ಅಂದುಬಿಟ್ಟೆ. ಹಾಲ್ ತುಂಬಾ ಅಲ್ಲೆಲೂಯಾ.

ಈ ತಪ್ಪನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರೂ ನನ್ನ ತಪ್ಪು ಮಾತ್ರೆ ಬಿಟ್ಟಿದ್ದು ಅಂತಾರೆ. ಅದೂ ತಪ್ಪೇ, ಆದ್ರೆ ಮಾತ್ರೆ ಬಿಟ್ಟವನು ಮತ್ತೆ ಶುರು ಮಾಡಬಹುದು. ಸಾಕ್ಷಿ ಹೇಳಿದವನು ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ತೋಟದ ಭಾಷೆಲಿ ಹೇಳ್ತೀನಿ. ಕೊಯ್ದ ದಿನದ ಹಸಿ ಹಣ್ಣಿನ ತೂಕನ ಒಣಗಿದ ಚೆರ್ರಿ ತೂಕ ಅಂತ ಪುಸ್ತಕದಲ್ಲಿ ಬರೆದ್ರೆ ಓನರು ನನ್ನ ಮನೆಗೆ ಕಳಿಸ್ತಾರೆ, ಕಳಿಸ್ಬೇಕು ಕೂಡ. ಕಣದಲ್ಲಿ ಹರಡಿ, ಬಿಸಿಲಿಗೆ ಬಿಟ್ಟು, ಮಗುಚಿ ಮಗುಚಿ, ಕೈಲಿ ಹಿಡಿದು ಅಲ್ಲಾಡಿಸಿದ್ರೆ ಒಳಗೆ ಗಲಗಲ ಅನ್ನೋವರೆಗೂ ಅದು ಎಷ್ಟಿದೆ ಅಂತ ಯಾರೂ ಹೇಳೋಕಾಗಲ್ಲ. ನಾನು ಅವತ್ತಿನ ಕಣ್ಣೀರಿನ ಹಸಿ ತೂಕನೇ ಮೈಕಲ್ಲಿ ಕೂಗಿ ಹೇಳಿದೆ. ಮೂರು ತಿಂಗಳಿಂದ ನುಂಗಿದ ಮಾತ್ರೆನೂ ಆ ತೂಕದಲ್ಲಿ ಇತ್ತು ಅನ್ನೋದು ತಲೆಗೇ ಹೋಗ್ಲಿಲ್ಲ. ಇನ್ನೊಂದು, "ಸ್ವಲ್ಪ ಪರವಾಗಿಲ್ಲ ಅನ್ನಿಸ್ತಿದೆ" ಅಂತ ಹೇಳಿದ್ರೆ ಅಲ್ಲಿ ಯಾರು ಚಪ್ಪಾಳೆ ಹೊಡೀತಾರೆ ಹೇಳಿ. ಪೂರ್ತಿ ವಾಸಿ ಅನ್ನಬೇಕು, ಇವತ್ತೇ ಅನ್ನಬೇಕು. ನನಗೂ ಚಪ್ಪಾಳೆ ಬೇಕಿತ್ತು, ಒಪ್ಕೋತೀನಿ, ಎಷ್ಟೋ ತಿಂಗಳಿಂದ ಯಾರೂ ನನ್ನನ್ನ ಕೆಲಸಕ್ಕೆ ಬರೋ ಮನುಷ್ಯ ಅಂತ ನೋಡಿರಲಿಲ್ಲ.

ಮಾತ್ರೆ ಒಮ್ಮೆಲೇ ನಿಲ್ಲಿಸಿದೆ. ಕೆಲವೇ ದಿನಕ್ಕೆ ತಲೆಸುತ್ತು, ಕತ್ತು ತಿರುಗಿಸಿದ್ರೆ ತಲೆ ಒಳಗೆ ಕರೆಂಟ್ ಹೊಡೆದಂಗೆ, ಮಕ್ಕಳ ಮೇಲೆ ಸುಮ್ ಸುಮ್ನೆ ರೇಗಾಟ. ನಾನು ಇದು ಸೈತಾನನ ಪರೀಕ್ಷೆ ಅಂದ್ಕೊಂಡು ಇನ್ನೂ ಜೋರಾಗಿ ಪ್ರಾರ್ಥನೆ ಮಾಡಿದೆ. ಹೀಗೆ ದಿಢೀರ್ ಬಿಟ್ರೆ ಹಾಗಾಗುತ್ತೆ, ಅದಕ್ಕೇ ನಿಧಾನಕ್ಕೆ ಇಳಿಸೋದು ಅಂತ ಡಾಕ್ಟರು ಆಮೇಲೆ ಹೇಳಿದ್ದು. ಜನವರಿ, ಫೆಬ್ರವರಿ ರೋಬಸ್ಟಾ ಕೊಯ್ಲಿನ ಗಡಿಬಿಡಿಲಿ ಹೇಗೋ ಕಳೀತು. ಮಾರ್ಚಿಗೆ ಹಳೇ ಮೂರು ಗಂಟೆ ವಾಪಸ್ ಬಂತು. ಅದೇ ಹೊತ್ತಿಗೆ ಲಾಕ್‌ಡೌನ್. ಮಾಕುಟ್ಟ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದ್ರು, ಚರ್ಚ್ ಬಾಗಿಲು ಹಾಕ್ತು, ಏಪ್ರಿಲ್ 12ರ ಈಸ್ಟರ್ ಪೂಜೆ ಮೊಬೈಲಲ್ಲಿ ನೋಡಿದ್ವಿ. ಎಲ್ಲರೂ ಮನೇಲಿ ಬಂದಿ, ನಾನು ನನ್ನ ಸಾಕ್ಷಿ ಒಳಗೆ ಬಂದಿ.

ಯಾಕಂದ್ರೆ ಯಾರಿಗೆ ಹೇಳೋದು? ಮತ್ತೆ ಬಂದಿದೆ ಅಂದ್ರೆ ದೇವರನ್ನೇ ಸುಳ್ಳುಗಾರ ಮಾಡಿದಂಗೆ ಅಂತ ಅನ್ನಿಸ್ತಿತ್ತು. ಇಲ್ಲಾ ನನ್ನ ವಿಶ್ವಾಸ ಕಡಿಮೆ ಅಂತ ಒಪ್ಕೋಬೇಕು. ಇದರ ಮಧ್ಯೆ ಕೂಟದವರು ಫೋನ್ ಮಾಡಿ "ಅಣ್ಣ, ನೀವು ಗುಣ ಆದವರು, ನಮಗೋಸ್ಕರ ಪ್ರಾರ್ಥಿಸಿ" ಅನ್ನೋರು. ಮಾಡ್ತೀನಿ ಅಂತ ಫೋನಿಟ್ಟು ಗೋಡೆ ನೋಡ್ಕೊಂಡು ಮಲಗ್ತಿದ್ದೆ. ನಾನಿಲ್ಲದಿದ್ರೇ ಇವರಿಗೆಲ್ಲ ಸುಖ ಅನ್ನೋ ಯೋಚನೆ ದಿನಾ ಬರೋಕೆ ಶುರುವಾಯ್ತು. (ನಿಮಗೂ ಆ ತರ ಬರ್ತಿದ್ರೆ ಇದನ್ನ ಮುಂದೆ ಓದೋದು ಬಿಟ್ಟು ಮೊದಲು 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿ ಹಗಲು ಇರ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ಆಗ ಅದು ಇರಲಿಲ್ಲ, 2022ರಲ್ಲಿ ಬಂದಿದ್ದು.)

ಮೇ ತಿಂಗಳಲ್ಲಿ ಗುರುತಿಲ್ಲದ ಒಂದು ನಂಬರಿಂದ ಫೋನ್. ಒಬ್ಬ ಹುಡುಗ. ಆ ದಿನ ಹಾಲಲ್ಲಿ ಅವನ ಅಕ್ಕನೂ ಕೂತಿದ್ಳಂತೆ, ನನ್ನ ಮಾತು ಕೇಳಿ ಅವಳೂ ಮಾತ್ರೆ ಬಿಟ್ಟಿದ್ಳಂತೆ, ಈಗ ಆಸ್ಪತ್ರೆಲಿ ಇದ್ದಾಳೆ, ಪ್ರಾರ್ಥಿಸಿ ಅಂತ ಕೇಳೋಕೆ ಮಾಡಿದ್ದು. ಬೈಯೋಕಲ್ಲ, ಪ್ರಾರ್ಥನೆಗೆ! ಬೈದಿದ್ರೆ ಎಷ್ಟೋ ವಾಸಿ ಇತ್ತು.

ಜೂನಲ್ಲಿ ನಮ್ಮ ಫಾದರ್ ಹತ್ರ ಹೋದೆ, ಅವರ ಜಗಲಿಲಿ ಮಾಸ್ಕ್ ಹಾಕ್ಕೊಂಡು ಅಷ್ಟು ದೂರ ಕೂತು ಎಲ್ಲಾ ಹೇಳಿದೆ. ವಿಶ್ವಾಸ ಇಲ್ಲ ಅನ್ನೋದೇ ನನ್ನ ಪಾಪ ಅಂದೆ. ಅವರು ಪಾಪದ ವಿಷಯಕ್ಕೇ ಬರ್ಲಿಲ್ಲ, ರಾತ್ರಿ ಎಷ್ಟು ಗಂಟೆ ನಿದ್ದೆ ಬರುತ್ತೆ ಅಂತ ಕೇಳಿದ್ರು. ಆಮೇಲೆ 88ನೇ ಕೀರ್ತನೆ ತೆಗೆದು ಓದು ಅಂದ್ರು. ಓದಿದೆ. ಬೇರೆ ಕೀರ್ತನೆಗಳಲ್ಲಿ ಎಷ್ಟೇ ಗೋಳಾಡಿದ್ರೂ ಕೊನೆಗೆ ಎಲ್ಲೋ ಒಂದು ಕಡೆ ಆದ್ರೂ ದೇವರೇ ನಿನ್ನ ಸ್ತುತಿಸ್ತೀನಿ ಅಂತ ತಿರುಗುತ್ತಲ್ಲ, ನಾನೂ ಅದಕ್ಕೇ ಕಾಯ್ತಿದ್ದೆ. 18 ವಚನ ಮುಗೀತು, ತಿರುಗಲೇ ಇಲ್ಲ. ಕೊನೆ ಸಾಲಲ್ಲೂ ಕತ್ತಲೆಯೇ. "ಇದನ್ನೂ ಪ್ರಾರ್ಥನೆ ಅಂತಾನೇ ಬೈಬಲಲ್ಲಿ ಇಟ್ಟಿದಾರೆ, ಯಾರೂ ಕಿತ್ತು ಹಾಕಿಲ್ಲ" ಅಂದ್ರು. ಮಾರ್ಕನ ಸುವಾರ್ತೆ ಎರಡನೇ ಅಧ್ಯಾಯದ ಪಾರ್ಶ್ವವಾಯು ರೋಗಿಯ ಕತೆನೂ ಹೇಳಿದ್ರು, ಸಣ್ಣವನಿದ್ದಾಗಿಂದ ನೂರು ಸಲ ಕೇಳಿದ್ದು, ನಾಲ್ಕು ಜನ ಹೊತ್ಕೊಂಡು ಬಂದು ಮನೆಯ ಮಾಡು ಬಿಚ್ಚಿ ಕೆಳಗೆ ಇಳಿಸ್ತಾರಲ್ಲ. ಅಲ್ಲಿ ಯೇಸು ಯಾರ ವಿಶ್ವಾಸ ನೋಡಿದ ಅಂತ ಕೇಳಿದ್ರು. ರೋಗಿದು ಅಂದೆ. ಮತ್ತೆ ಓದು ಅಂದ್ರು. "ಅವರ" ವಿಶ್ವಾಸ ಅಂತಿದೆ. ಹೊತ್ಕೊಂಡು ಬಂದವರದ್ದು ಸೇರಿ. ಮಲಗಿದ್ದವನು ಬಾಯಿ ಬಿಟ್ಟು ಒಂದು ಮಾತು ಕೇಳಿದ್ದೂ ಅಲ್ಲಿ ಬರೆದಿಲ್ಲ. "ನೀನೀಗ ಚಾಪೆ ಮೇಲಿದೀಯ, ಸುಮ್ನೆ ಮಲಗು, ಹೊರೋರು ಹೊರ್ತಾರೆ. ಮೈಸೂರಿಗೆ ಬಸ್ ಓಡ್ತಿದೆ, ನಾಳೆನೇ ಹೋಗು, ಮನೇಲಿರೋ ಹಳೇ ಮಾತ್ರೆ ನೀನೇ ನುಂಗೋಕೆ ಹೋಗ್ಬೇಡ" ಅಂದ್ರು.

ಡಾಕ್ಟರು ಬೈಯಲಿಲ್ಲ, ಆದ್ರೆ ಈ ಸಲ ನಿಧಾನ ಆಗಬಹುದು ಅಂದ್ರು. ಆಯ್ತು ಕೂಡ. ದೀಪಾವಳಿ ಹೊತ್ತಿಗೆ ಸರಿಯಾಗಿ ಉಣ್ಣೋಕೆ ಶುರು ಮಾಡಿದೆ.

ಈಗ ಸಮಾಧಾನದ ವಿಷಯ, ನೀವು ಕೇಳಿದ್ದೂ ಅದೇ ಅಲ್ವಾ. ನಮ್ಮನೇಲಿ ರಾತ್ರಿ ಏಳೂವರೆಗೆ ತೇರ್ಸ್, ಅಂದ್ರೆ ಜಪಸರ, ಕೊಂಕಣಿಲಿ. ಆ ಮಳೆಗಾಲದಲ್ಲಿ ನನ್ನ ಬಾಯಿಂದ ಒಂದು "ನಮಾನ್ ಮರಿಯೆ", ಅಂದ್ರೆ ಮರಿಯಮ್ಮನಿಗೆ ಹೇಳೋ ಪ್ರಾರ್ಥನೆ, ಹೊರಡ್ತಿರಲಿಲ್ಲ. ಎದ್ದು ಹೋಗೋಕೆ ನೋಡಿದ್ರೆ ಅಮ್ಮ "ಪುತಾ, ನೀನು ಹೇಳ್ಬೇಡ, ಕೂತ್ಕೋ ಸಾಕು" ಅಂದ್ರು. ಕೂತೆ. ಐವತ್ತು ನಮಾನ್ ಮರಿಯೆ ಅಮ್ಮ, ಹೆಂಡತಿ, ಮಕ್ಕಳು ಹೇಳ್ತಿದ್ರು, ನಾನು ಆಳುಗಳ ಹಾಜರಿ ಎಣಿಸಿದಂಗೆ ಮಣಿ ಎಣಿಸ್ತಿದ್ದೆ. ಜುಲೈಲಿ ಒಂದಿನ ಶೀಟಿನ ಮೇಲೆ ಮಳೆ ಎಷ್ಟು ಜೋರು ಅಂದ್ರೆ ಪಕ್ಕದಲ್ಲಿ ಕೂತವರ ಸ್ವರ ಕೇಳಿಸ್ತಿಲ್ಲ, ಬರೀ ತುಟಿ ಆಡ್ತಿರೋದು ಕಾಣ್ತಿದೆ. ಯಾರಿಗೂ ಕೇಳಿಸಲ್ಲ ಅಂತ ಗೊತ್ತಾದ ಮೇಲೆ ನಾನೂ ಹೇಳೋಕೆ ಶುರು ಮಾಡಿದೆ. ಸ್ವಂತ ಮಾತು ಒಂದೂ ಇಲ್ಲದಾಗ ಅಜ್ಜಿ ಕಾಲದ ಮಾತು ಎಷ್ಟು ಆಸರೆ ಅಂತ ಆಗ ಗೊತ್ತಾಯ್ತು. ಆ ಕೂಟದಲ್ಲಿ ಬಂದ ಕಣ್ಣೀರಿಗಿಂತ ನನ್ನನ್ನ ಉಳಿಸಿದ್ದು ಇದು ಅಂತ ನಾನು ನಂಬಿದೀನಿ. ಮಾತ್ರೆನಾ ಪ್ರಾರ್ಥನೆನಾ ಅಂತ ಯಾರಾದ್ರೂ ಕೇಳಿದ್ರೆ ನನಗೆ ಸಿಟ್ಟು ಬರುತ್ತೆ. ತೋಟಕ್ಕೆ ಗೊಬ್ಬರನಾ, ಕಾಫಿ ಹೂ ಅರಳಿಸೋ ಮಳೆನಾ ಅಂತ ಯಾರಾದ್ರೂ ಕೇಳ್ತಾರಾ?

ಹಾಗಾಗಿ "ಎಷ್ಟು ದಿನ ಉಪವಾಸ" ಅನ್ನೋ ಪ್ರಶ್ನೆನೇ ತಪ್ಪು, ಕ್ಷಮಿಸಿ. ನೀವು ಯಾವ ಸಭೆಯವರೋ ಗೊತ್ತಿಲ್ಲ, ನಮ್ಮ ಕಥೋಲಿಕ ಸಭೆ ಕಡ್ಡಾಯ ಮಾಡಿರೋ ಉಪವಾಸ ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತೆ ಶುಭ ಶುಕ್ರವಾರ, ಅದರಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇದೆ. ಡಿಪ್ರೆಶನಲ್ಲಿ ಹೆಚ್ಚಿನವರಿಗೆ ಊಟ ಮೊದಲೇ ಸೇರಲ್ಲ, ಅದರ ಮೇಲೆ ಉಪವಾಸ ಯಾಕೆ ಹೇಳಿ. ಮಾತ್ರೆ ಬಿಡೋ ಆಸೆ ಇದ್ರೆ ಬರೆದುಕೊಟ್ಟ ಡಾಕ್ಟರ ಹತ್ರನೇ ನೇರವಾಗಿ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ನನಗೆ 2022ರಲ್ಲಿ ಅವರೇ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದ್ರು. ಮೈಸೂರಿಗೆ ಹೋಗೋಕೆ ಆಗಲ್ಲ ಅಂದ್ರೆ ಮಡಿಕೇರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದೆ. ಮತ್ತೆ ನಿಮ್ಮನ್ನ ಹೊರೋರು ಯಾರು ಅಂತ ನೋಡ್ಕೊಳ್ಳಿ. ಇಬ್ಬರಾದ್ರೂ ಸಾಕು. ಪ್ರಾರ್ಥನೆ ಅವರು ಮಾಡ್ಲಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ.

2021ರ ಶುರುಲಿ ಆ ಅಕ್ಕನ್ನ ಹುಡುಕ್ಕೊಂಡು ಹೋಗಿ ಕ್ಷಮೆ ಕೇಳಿದೆ. ಅಷ್ಟೊತ್ತಿಗೆ ಚೇತರಿಸ್ಕೊಂಡು ಮನೇಲೇ ಬಟ್ಟೆ ಹೊಲೀತಿದ್ರು. ನಾನು ಮಾತು ಮುಗಿಸೋವರೆಗೂ ಮಿಷಿನ್ ನಿಲ್ಲಿಸಿ ಕೇಳಿದ್ರು, ಆಮೇಲೆ ಅಂದ್ರು: "ನೀವು ಹೇಳಿದ್ರಿ ಅಂತ ನಾನು ಬಿಡ್ಲಿಲ್ಲ ಅಣ್ಣ. ಬಿಡು ಅಂತ ಯಾರಾದ್ರೂ ಹೇಳ್ಲಿ ಅಂತ ಕಾಯ್ತಾ ಇದ್ದೆ, ನೀವು ಸಿಕ್ಕಿದ್ರಿ."

ನಿಮ್ಮ ಪ್ರಶ್ನೆ ಓದಿದಾಗ ಮೊದಲು ನೆನಪಾಗಿದ್ದು ಆ ಮಾತೇ. ನಾನಂತೂ ಹೇಳಲ್ಲ.