ಟೆಸ್ಟ್‌ನಲ್ಲಿ ಕ್ಲೋರಿನ್ ಸರಿಯಿದೆ, ಆದರೂ ಈಜುಕೊಳದ ನೀರು ಹಸಿರು. ಯಾಕೆ?

ಪ್ರಶ್ನೆ: ನಮ್ಮ ಮನೆಯ ಈಜುಕೊಳ ಸುಮಾರು 50,000 ಲೀಟರ್‌ನದು. ತೇಲುವ ಡಬ್ಬಿಯಲ್ಲಿ ಕ್ಲೋರಿನ್ ಮಾತ್ರೆ ಇಟ್ಟು ನೋಡಿಕೊಳ್ಳುತ್ತಿದ್ದೇವೆ. ನೀರು ಬದಲಿಸಿ ಎರಡು ವರ್ಷವಾಯಿತು. ಈಗ ಕ್ಲೋರಿನ್ 3 ಪಿಪಿಎಂ (ಅಂದರೆ ಲೀಟರ್‌ಗೆ 3 ಮಿಲಿಗ್ರಾಂ), ಪಿಎಚ್ 7.0, ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) 60 ಇದೆ. ಆದರೂ ಮೂಲೆಗಳಲ್ಲಿ ಪಾಚಿ, ನೀರೆಲ್ಲ ಹಸಿರು. ಮಾತ್ರೆ ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ: ಬೇಡ, ಇನ್ನೊಂದು ಮಾತ್ರೆಯನ್ನೂ ಹಾಕಬೇಡಿ. ತೊಂದರೆ ಬಂದಿರುವುದು ಬಹುತೇಕ ಆ ಮಾತ್ರೆಯಿಂದಲೇ.

ಮಾತ್ರೆ ಕೊಂಡ ಡಬ್ಬಿಯ ಲೇಬಲ್ ನೋಡಿ. ಟ್ರೈಕ್ಲೋರ್ ಅಂತ ಇದ್ದರೆ ಅದರಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಕೂಡ ಇರುತ್ತದೆ. ಅಂಗಡಿಯವರು ಇದನ್ನೇ ಸ್ಟೆಬಿಲೈಸರ್ ಅನ್ನುವುದು. ಇದು ಸ್ವಲ್ಪ ಬೇಕೇ ಬೇಕು, ಇಲ್ಲದಿದ್ದರೆ ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಕ್ಲೋರಿನ್ ಹೆಚ್ಚುಕಡಿಮೆ ಖಾಲಿಯಾಗುತ್ತದೆ. 30ರಿಂದ 50 ಪಿಪಿಎಂ ಸಾಕು. ಆದರೆ ಟ್ರೈಕ್ಲೋರ್‌ನಿಂದ 10 ಪಿಪಿಎಂ ಕ್ಲೋರಿನ್ ಸೇರಿದಾಗಲೆಲ್ಲ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಸಿಡ್ ಕೂಡ ಸೇರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ. ನೀರು ಆವಿಯಾದರೂ ಹೋಗುವುದಿಲ್ಲ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ ಅಂದುಕೊಳ್ಳಿ, ತಿಂಗಳಿಗೆ 36 ಪಿಪಿಎಂ ಶೇಖರವಾಯಿತು. ಎರಡು ವರ್ಷಕ್ಕೆ ಎಷ್ಟಾಗಬಹುದು ನೋಡಿ.

ಇದು ಜಾಸ್ತಿಯಾದಷ್ಟೂ ಕ್ಲೋರಿನ್‌ನ ಕೈ ಕಟ್ಟಿಹಾಕಿದ ಹಾಗೆ. ಟೆಸ್ಟ್‌ನಲ್ಲಿ 3 ಅಂತ ಕಾಣುತ್ತದೆ, ಪಾಚಿಯನ್ನು ಕೊಲ್ಲುವಷ್ಟು ಶಕ್ತಿ ಇರುವುದಿಲ್ಲ. ಪಾಚಿ ಬಾರದಿರಲು ಕ್ಲೋರಿನ್ ಕನಿಷ್ಠ ಸಯನ್ಯೂರಿಕ್ ಆಸಿಡ್‌ನ ಶೇ 7.5ರಷ್ಟಾದರೂ ಇರಬೇಕು. ಆ ಆಸಿಡ್ 150 ಇದ್ದರೆ ನಿಮಗೆ ಯಾವಾಗಲೂ 11 ಪಿಪಿಎಂ ಕ್ಲೋರಿನ್ ಬೇಕಾಗುತ್ತದೆ. ಅದಕ್ಕೇ ನಾನು ಪದೇ ಪದೇ ಹೇಳುವುದು, ಕ್ಲೋರಿನ್ ನಂಬರ್ ಒಂದನ್ನೇ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಹಾಗಾಗಿ ಮೊದಲು ಸಯನ್ಯೂರಿಕ್ ಆಸಿಡ್ ಅಳೆಯಿರಿ. ಕೊಳದ ನೀರಿಗೆ ಇದನ್ನು ಅಳೆಯುವ ಟೆಸ್ಟ್ ಕಿಟ್‌ನಲ್ಲಿರುವ ದ್ರಾವಣ ಬೆರೆಸಿದರೆ ಹಾಲು ಕಲಸಿದಂತೆ ಮಬ್ಬಾಗುತ್ತದೆ. ಅದನ್ನು ಕೊಳವೆಗೆ ನಿಧಾನವಾಗಿ ಹುಯ್ಯುತ್ತಾ ಮೇಲಿನಿಂದ ನೋಡಿ, ತಳದ ಕಪ್ಪು ಚುಕ್ಕೆ ಪೂರ್ತಿ ಮರೆಯಾದ ಕಡೆ ಇರುವ ಅಂಕಿಯೇ ನಿಮ್ಮ ಉತ್ತರ. ಚುಕ್ಕೆ 100ರ ಗೆರೆಗಿಂತ ಮೊದಲೇ ಮರೆಯಾದರೆ, ಅರ್ಧ ಕೊಳದ ನೀರು ಅರ್ಧ ನಲ್ಲಿ ನೀರು ಸೇರಿಸಿ ಮತ್ತೆ ಮಾಡಿ, ಬಂದಿದ್ದನ್ನು ಎರಡರಿಂದ ಗುಣಿಸಿ.

ಇದನ್ನು ಇಳಿಸಲು ನೀರು ಬದಲಿಸುವುದೇ ಸರಿಯಾದ ದಾರಿ. 150 ಇದ್ದರೆ ಮೂರರಲ್ಲಿ ಎರಡು ಪಾಲು ನೀರು ತೆಗೆದು ತುಂಬಿದರೆ 50ಕ್ಕೆ ಬರುತ್ತದೆ. ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ಕೆಳಗೆ ಅಂತರ್ಜಲ ಮೇಲಿದ್ದರೆ ಖಾಲಿ ಕೊಳ ಮೇಲಕ್ಕೆದ್ದು ಬಿರುಕು ಬಿಡಬಹುದು. ಸ್ವಲ್ಪ ಸ್ವಲ್ಪವೇ ತೆಗೆದು ತುಂಬಿ. ಹೀಗೆ ಮಾಡಿದರೆ ಹೊಸ ನೀರೂ ಸ್ವಲ್ಪ ಹೊರಹೋಗುವುದರಿಂದ ಒಟ್ಟು ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ನೀರು ಬೇಕಾಗುತ್ತದೆ, ಅಳೆಯುತ್ತಾ 50ಕ್ಕೆ ಬರುವವರೆಗೆ ಮಾಡಿ.

ಆಮೇಲೆ ಆಲ್ಕಲಿನಿಟಿ ನೋಡಿ, 80ರಿಂದ 120 ಇರಲಿ. ಟ್ರೈಕ್ಲೋರ್ ಹುಳಿ ಸ್ವಭಾವದ್ದು, ನಿಮ್ಮ ಪಿಎಚ್ ಮತ್ತು ಆಲ್ಕಲಿನಿಟಿ ಇಳಿದಿರುವುದೂ ಅದರಿಂದಲೇ. ಹೊಸ ನೀರು ತುಂಬಿದ ಮೇಲೂ ಕಡಿಮೆ ಇದ್ದರೆ ಅಡುಗೆ ಸೋಡಾ ಸಾಕು, ನಿಮ್ಮ ಕೊಳಕ್ಕೆ 10 ಪಿಪಿಎಂ ಏರಿಸಲು ಸುಮಾರು 850 ಗ್ರಾಂ. ಪಿಎಚ್ 7.2ರಿಂದ 7.6ರ ಒಳಗೆ ತಂದುಕೊಳ್ಳಿ. ಈ ಕೆಲಸ ಕ್ಲೋರಿನ್ ಏರಿಸುವ ಮೊದಲೇ ಮುಗಿಯಬೇಕು, ಯಾಕೆಂದರೆ ಕ್ಲೋರಿನ್ 10 ದಾಟಿದರೆ ಹನಿ ಹಾಕಿ ನೋಡುವ ಪಿಎಚ್ ಟೆಸ್ಟ್ ತಪ್ಪು ತೋರಿಸುತ್ತದೆ.

ಈಗ ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್ ಹಾಕಿ, ಸಯನ್ಯೂರಿಕ್ ಆಸಿಡ್ 50 ಇದ್ದರೆ ಕ್ಲೋರಿನ್ 20 ಪಿಪಿಎಂಗೆ ಏರಿಸಿ, ಪಂಪ್ ನಿಲ್ಲಿಸದೆ ಗೋಡೆ, ಮೆಟ್ಟಿಲು, ಏಣಿಯ ಹಿಂಬದಿ ಎಲ್ಲ ಚೆನ್ನಾಗಿ ಉಜ್ಜಿ. ಕ್ಲೋರಿನ್ ಇಳಿದ ಹಾಗೆ ಮತ್ತೆ ಹಾಕುತ್ತಾ ಹೋಗಬೇಕು. ನೀರು ತಿಳಿಯಾಗಿ, ರಾತ್ರಿ ಅಳೆದದ್ದಕ್ಕೂ ಬೆಳಿಗ್ಗೆ ಬಿಸಿಲಿಗೆ ಮುಂಚೆ ಅಳೆದದ್ದಕ್ಕೂ 1 ಪಿಪಿಎಂಗಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ ಅಂದರೆ ಪಾಚಿ ಸತ್ತಿದೆ. ಅಲ್ಲಿಯವರೆಗೆ ಯಾರೂ ನೀರಿಗಿಳಿಯಬೇಡಿ. ಮುಂದೆಯೂ ದಿನನಿತ್ಯ ಈ ದ್ರವವನ್ನೇ ಬಳಸಿ, ಮಾತ್ರೆ ಊರಿಗೆ ಹೋಗುವಾಗ ಮಾತ್ರ ಇರಲಿ.

ಪ್ರಶ್ನೆ: ಕೊಳದಿಂದ ಕ್ಲೋರಿನ್ ವಾಸನೆ ಜೋರಾಗಿ ಬರುತ್ತದೆ, ಮಕ್ಕಳ ಕಣ್ಣು ಉರಿಯುತ್ತದೆ. ಕ್ಲೋರಿನ್ ಕಡಿಮೆ ಮಾಡಲಾ?

ಉತ್ತರ: ಅಳೆಯದೆ ಕಡಿಮೆ ಮಾಡಬೇಡಿ. ಆ ವಾಸನೆ ಸಾಮಾನ್ಯವಾಗಿ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ನದು. ಒಟ್ಟು ಕ್ಲೋರಿನ್‌ನಿಂದ ಫ್ರೀ ಕ್ಲೋರಿನ್ (ಕ್ಲೋರಮೈನ್ ಆಗದೆ ಉಳಿದದ್ದು) ಕಳೆಯಿರಿ, ಉಳಿದದ್ದು 0.5ಕ್ಕಿಂತ ಜಾಸ್ತಿ ಇದ್ದರೆ ಬೇಕಾಗಿರುವುದು ಇನ್ನಷ್ಟು ಕ್ಲೋರಿನ್. ಪಿಎಚ್ ಕೂಡ ನೋಡಿ, ಅದು ಏರುಪೇರಾದರೂ ಕಣ್ಣು ಉರಿಯುತ್ತದೆ. ಪಿಎಚ್ ಇಳಿಸಲು ಆಸಿಡ್ ಹಾಕುವುದಾದರೆ ಕ್ಲೋರಿನ್ ಹಾಕಿದ ಕೂಡಲೇ ಅದೇ ಜಾಗಕ್ಕೆ ಹುಯ್ಯಬೇಡಿ, ಎರಡೂ ಸೇರಿದರೆ ವಿಷಾನಿಲ ಬರುತ್ತದೆ. ಮಕ್ಕಳು ನೀರಿಗಿಳಿಯುವ ಮೊದಲು ಸ್ನಾನ ಮಾಡಿಸಿ, ಕ್ಲೋರಮೈನ್ ಎಷ್ಟೋ ಕಡಿಮೆಯಾಗುತ್ತದೆ.