ಕೌಂಟರ್-ಸ್ಟ್ರೈಕ್ 2 ಆಟದಲ್ಲಿ ಒಳ್ಳೆಯದೇನು, ಕೊರತೆ ಏನು?

ಬಂದೂಕು ಹಿಡಿದು ಕಾದಾಡುವ ಈ ಆನ್‌ಲೈನ್ ಕಂಪ್ಯೂಟರ್ ಆಟದ ಶಕ್ತಿ ಅದರ ಸರಳ ನಿಯಮದಲ್ಲಿದೆ. ಐದೈದು ಜನರ ಎರಡು ತಂಡ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಒಮ್ಮೆ ಸತ್ತರೆ ಮುಂದಿನ ರೌಂಡ್‌ವರೆಗೆ ಸುಮ್ನೆ ನೋಡುತ್ತಾ ಕೂರಬೇಕು. ಹಾಗಾಗಿ ಪ್ರತಿ ಹೆಜ್ಜೆಯೂ ಯೋಚಿಸಿ ಇಡುವಂಥದ್ದು. ಓಡುತ್ತಾ ಗುಂಡು ಹಾರಿಸಿದರೆ ಗುರಿ ತಪ್ಪುತ್ತದೆ, ನಿಂತೇ ಹೊಡೆಯಬೇಕು.

ನನಗೆ ತುಂಬಾ ಇಷ್ಟವಾಗುವುದು ಆಟದೊಳಗಿನ ಹಣದ ಲೆಕ್ಕ. ಈ ರೌಂಡ್‌ನಲ್ಲಿ ಒಳ್ಳೆ ಬಂದೂಕು ಕೊಳ್ಳಬೇಕಾ, ಅಥವಾ ಮುಂದಿನದಕ್ಕೆ ಉಳಿಸಬೇಕಾ ಅಂತ ಇಡೀ ತಂಡ ಸೇರಿ ತೀರ್ಮಾನಿಸಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ ಸ್ಮೋಕ್ ಗ್ರೆನೇಡ್ ಕೂಡ ಬದಲಾಗಿದೆ. ಹೊಗೆ ಜಾಗಕ್ಕೆ ತಕ್ಕಂತೆ ಹರಡುತ್ತದೆ. ಆ ಹೊಗೆಯೊಳಕ್ಕೆ ಸಿಡಿಯುವ ಗ್ರೆನೇಡ್ ಎಸೆದರೆ ಕ್ಷಣಕಾಲ ಹೊಗೆ ಸರಿದು ಆಚೆ ಕಾಣುತ್ತದೆ.

ದೊಡ್ಡ ಕೊರತೆ ಮೋಸದ ಸಾಫ್ಟ್‌ವೇರ್ ಬಳಸುವವರು. ಇಂಥದ್ದೇ ಇನ್ನೊಂದು ಆಟ ವ್ಯಾಲರಂಟ್‌ನಲ್ಲಿ ಮೋಸ ತಡೆಯುವ ವ್ಯಾನ್‌ಗಾರ್ಡ್ ಎಂಬ ಸಾಫ್ಟ್‌ವೇರ್ ವಿಂಡೋಸ್‌ನ ಕರ್ನಲ್ ಮಟ್ಟದಲ್ಲೇ, ಅಂದರೆ ಅದರ ತೀರಾ ಒಳಗಿನ ಪದರದಲ್ಲೇ, ಕಾವಲು ಕಾಯುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಅದೇ ಕೆಲಸ ಮಾಡುವ ವ್ಯಾಕ್ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ನಿಮ್ಮ ಕಂಪ್ಯೂಟರಿನ ಖಾಸಗಿತನಕ್ಕೆ ಅದು ಒಳ್ಳೆಯದೇ, ಆದರೆ ಪಂದ್ಯ ಹಾಳಾದಾಗ ಬೇಜಾರು ಜಾಸ್ತಿ.

ಹೊಸಬರಿಗೆ ಕಲಿಸುವ ವ್ಯವಸ್ಥೆಯೂ ತೀರಾ ಕಡಿಮೆ. ಎಲ್ಲಿಂದ ಗ್ರೆನೇಡ್ ಎಸೆಯಬೇಕು ಅನ್ನುವುದನ್ನೂ ಹೆಚ್ಚಾಗಿ ವಿಡಿಯೋ ನೋಡಿ ಕಲಿಯಬೇಕು. ಬಂದೂಕಿನ ಸ್ಕಿನ್ (ಅಂದದ ಬಣ್ಣ-ವಿನ್ಯಾಸ) ಸಿಗುವ ಕೇಸ್‌ಗಳಂತೂ, ಅಂದರೆ ಒಳಗೇನಿದೆ ಎಂದು ತೆರೆದ ಮೇಲೇ ತಿಳಿಯುವ ಪೆಟ್ಟಿಗೆಗಳು, ಜೂಜಿನ ಹಾಗೇ, ಅವುಗಳಿಂದ ದೂರ ಇರಿ. ಆಟ ಉಚಿತ. ಆದರೆ ಪ್ರೀಮಿಯರ್ ಎಂಬ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ರೇಟಿಂಗ್ (ನಿಮ್ಮ ಆಟದ ಮಟ್ಟ ತೋರಿಸುವ ಅಂಕ) ಬೇಕೆಂದರೆ ಹಣ ಕೊಟ್ಟು ಪ್ರೈಮ್ ಎಂಬ ಸದಸ್ಯತ್ವ ಪಡೆಯಬೇಕು. ಮೊದಲು ಉಚಿತವಾಗಿ ಕ್ಯಾಶುವಲ್ (ಒತ್ತಡವಿಲ್ಲದ ಪಂದ್ಯ), ಡೆತ್‌ಮ್ಯಾಚ್ (ಸತ್ತರೂ ಕೂಡಲೇ ಮತ್ತೆ ಆಡಬಹುದಾದ ಪಂದ್ಯ) ಆಡಿ ನೋಡಿ, ಆಮೇಲೆ ಕೊಳ್ಳಿ.