‘ಕಾಟ್’ಗೆ ‘ಹಾಟ್’ ಪ್ರಾಸ ಅಲ್ವಾ?

ಆಲೂರಿನ ಓದುಗರೊಬ್ಬರ ಪತ್ರದ ಸಾರ ಇಷ್ಟು: ಮೂರನೇ ಕ್ಲಾಸಿನ ಮಗಳಿಗೆ ಇಂಗ್ಲಿಷ್ ಪ್ರಾಸಪದ ಹೊಂದಿಸುವ ವರ್ಕ್‌ಶೀಟ್ ಕೊಟ್ಟಿದ್ದರು. ಅವಳು ‘ಕಾಟ್’ನಿಂದ ‘ಹಾಟ್’ಗೆ ಗೆರೆ ಎಳೆದಳು. ಮಿಸ್ ಕೆಂಪು ಇಂಕಿನಲ್ಲಿ ತಪ್ಪು ಹಾಕಿ, ‘ಸ್ಪೋರ್ಟ್’ಗೆ ಗೆರೆ ತಿದ್ದಿದ್ದಾರೆ. ಯಾರದು ಸರಿ?

ಸಂಪಾದಕರ ಉತ್ತರ:

ಮಗಳ ಗೆರೆ ಸರಿ ಸ್ವಾಮಿ. ವರ್ಕ್‌ಶೀಟಿನ ಉತ್ತರವೂ ಸರಿಯೇ. ಆದರೆ ಆಲೂರಿನಲ್ಲಲ್ಲ, ಲಂಡನ್ನಿನಲ್ಲಿ.

ಇದು ಮಲಗುವ ಕಾಟ್ ಅಲ್ಲ, ಕ್ರಿಕೆಟ್ಟಿನಲ್ಲಿ ‘ಕಾಟ್ ಬಿಹೈಂಡ್’ ಅಂತಾರಲ್ಲ, ಆ ಕಾಟ್. ದಕ್ಷಿಣ ಇಂಗ್ಲೆಂಡಿನವರು ಸ್ವರ ಆದಮೇಲೆ ಬರುವ ರಕಾರವನ್ನು, ಅದರ ಮುಂದೆ ಇನ್ನೊಂದು ಸ್ವರ ಇಲ್ಲದಿದ್ದರೆ, ನುಂಗಿಬಿಡುತ್ತಾರೆ. ‘ಸ್ಪೋರ್ಟ್’ ಅವರ ಬಾಯಲ್ಲಿ ಹೆಚ್ಚುಕಡಿಮೆ ‘ಸ್ಪೋಟ್’. ಈ ‘ಕಾಟ್’ ಕೂಡ ‘ಕೋಟ್’ ಕಡೆಗೇ ವಾಲುತ್ತದೆ. ಅಲ್ಲಿಗೆ ಎರಡೂ ಕೂಡಿಕೊಂಡವು. ‘ಹಾಟ್’ನ ಸ್ವರ ಅವರಿಗೆ ಗಿಡ್ಡ, ಬೇರೆಯೇ.

ನಿಮ್ಮ ಪತ್ರ ಬಂದ ದಿನ ಟೀ ಹೊತ್ತಿನಲ್ಲಿ ನಮ್ಮ ಪ್ರೂಫ್ ನೋಡುವವರ ಕೈಲಿ ಮೂರೂ ಪದ ಹೇಳಿಸಿದೆ. ಅರಸೀಕೆರೆ ಕಡೆಯವರು. ಕಾಟ್, ಹಾಟ್ ಒಂದೇ ಅಚ್ಚಿನಲ್ಲಿ ಬಿದ್ದವು. ‘ಸ್ಪೋರ್ಟ್’ ಅಂದಾಗ ರಕಾರ ಪಕ್ಕದ ರೂಮಿಗೂ ಕೇಳಿಸಿತು. ಹಾಗಂತ ಇದು ನಮ್ಮ ಹಳ್ಳಿ ಇಂಗ್ಲಿಷಿನ ದೋಷ ಅಂದುಕೊಳ್ಳಬೇಡಿ. ಸ್ಕಾಟ್ಲೆಂಡಿನಲ್ಲಿ ಬಹಳ ಜನರ ಬಾಯಲ್ಲಿ ಇವತ್ತಿಗೂ ಹೀಗೇ: ಕಾಟ್, ಹಾಟ್ ಎರಡಕ್ಕೂ ಒಂದೇ ಸ್ವರ, ರಕಾರ ಗಟ್ಟಿ. ಕೆನಡಾ, ಪಶ್ಚಿಮ ಅಮೆರಿಕದವರೂ ಈ ವಿಷಯದಲ್ಲಿ ನಿಮ್ಮ ಮಗಳ ಕಡೆಗೇ. (1850ರ ದಶಕದಲ್ಲಿ ನಿಮ್ಮ ಪಕ್ಕದ ಮಂಜರಾಬಾದಿಗೆ ಬಂದು ಕಾಫಿ ಬೆಳೆದ ಇಲಿಯಟ್ ಸ್ಕಾಟ್ಲೆಂಡಿನವನೇ. ಸುಮ್ನೆ ನೆನಪಾಯಿತು.)

ಇದು ಹಳೇ ಜಗಳ. ಲಂಡನ್ನಿನ ಕವಿ ಕೀಟ್ಸ್ ‘ಥಾಟ್ಸ್’ಗೆ ‘ಸಾರ್ಟ್ಸ್’ ಪ್ರಾಸ ಹಾಕಿದವನು. ನಿಮ್ಮ ವರ್ಕ್‌ಶೀಟಿನ ಜೋಡಿಯೇ ನೋಡಿ. 1818ರಲ್ಲಿ ಪತ್ರಿಕೆಯೊಂದು ಅವನ ಪ್ರಾಸಗಳನ್ನು ‘ಕಾಕ್ನಿ ಪ್ರಾಸ’, ಅಂದರೆ ಲಂಡನ್ನಿನ ಬೀದಿ ಪ್ರಾಸ ಎಂದು ಹಂಗಿಸಿತು. ಆ ಪತ್ರಿಕೆ ಎಲ್ಲಿಯದು ಗೊತ್ತೇ? ಎಡಿನ್‌ಬರೋದ್ದು. ರಕಾರ ಬಿಡದ ಸ್ಕಾಟ್ಲೆಂಡಿನ ಊರು! ಅಂದು ಬೀದಿಯದು ಅನ್ನಿಸಿಕೊಂಡದ್ದು ಇಂದು ಆಲೂರಿನ ಮಕ್ಕಳಿಗೆ ಸರಿಯುತ್ತರವಾಗಿ ಬಂದಿದೆ.

ನಮ್ಮ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನಿಗೆ ಈ ತಲೆನೋವು ಇರಲಿಲ್ಲ. ಅವನ ಷಟ್ಪದಿಯಲ್ಲಿ ಪ್ರಾಸ ಕೂರುವುದು ಸಾಲಿನ ಎರಡನೇ ಅಕ್ಷರದಲ್ಲಿ. ನೀವು ಹಾಸನ ಅನ್ನಿ, ಕಂಡಕ್ಟರ್ ಕೂಗುವ ಹಾಗೆ ‘ಆಸ್ನ ಆಸ್ನ’ ಅನ್ನಿ, ಸಕಾರ ಎಲ್ಲಿಗೂ ಹೋಗುವುದಿಲ್ಲ.

ಮಿಸ್ ಹತ್ತಿರ ಜಗಳಕ್ಕೆ ಹೋಗಬೇಡಿ. ವರ್ಕ್‌ಶೀಟ್ ಮುಂದಿಟ್ಟು ಮೂರೂ ಪದಗಳನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ‘ಸ್ಪೋರ್ಟ್’ನಲ್ಲಿ ರಕಾರ ಕೇಳಿಸಿದರೆ, ಕಳೆದ ಮಾರ್ಕ್ ಕೇಳಿ ಹಾಕಿಸಿಕೊಂಡು ಬನ್ನಿ.